ಕಟಗಿ ಮನಿ

ಮೊದಲ ದಿನವೇ ನೀಲಗಂಗವ್ವ ಫರ್ಹಾನಾಳಿಗೆ ಅಡುಗೆಮನೆಯ ಬಾಗಿಲು ತೋರಿಸಿದಳು. ಒಳಗೆ ಕರೆಯಲಿಕ್ಕಲ್ಲ, ಈ ಹೊಸ್ತಿಲು ದಾಟಬೇಡ ಎಂದು ಹೇಳಲಿಕ್ಕೆ.

ಶಿರಹಟ್ಟಿ ಊರ ಹೊರಗೆ, ಲಕ್ಷ್ಮೇಶ್ವರದ ರಸ್ತೆಗೆ ಹತ್ತಿ ನಿಂತ ಹೆಣ್ಣುಮಕ್ಕಳ ಹಾಸ್ಟೆಲು ಅದು. ಎರೆಹೊಲಗಳ ಧಣಿ, ಅಡತಿ ಅಂಗಡಿಯ ಮಾಲೀಕ ಚನ್ನಬಸವಣ್ಣ ಸತ್ತ ತಾಯಿಯ ಹೆಸರಿನಲ್ಲಿ ಟ್ರಸ್ಟು ಮಾಡಿ ಕಟ್ಟಿಸಿದ್ದು. ನೀಲಗಂಗವ್ವ ಅದರ ವಾರ್ಡನ್. ಫರ್ಹಾನಾ ಗದಗದ ಕಾಲೇಜಿನಲ್ಲಿ ಸಮಾಜಕಾರ್ಯ ಎಂ.ಎ. ಓದಲು ಈಗಷ್ಟೇ ಸೇರಿದ ಹುಡುಗಿ; ಬೆಟಗೇರಿಯಲ್ಲಿ ಗಾದಿ ಮಾಡುವ ಮಾಶಾಕನ ಮಗಳು. ಪ್ರತಿ ಗುರುವಾರ, ಶುಕ್ರವಾರ ಕ್ಷೇತ್ರಕಾರ್ಯ. ಅದಕ್ಕೆಂದು ಅವಳನ್ನು ಇಲ್ಲಿಗೆ ಹಾಕಿದ್ದರು. ಇಲ್ಲಿ ದಿನ ತುಂಬಿಸಿ, ಕೊನೆಗೆ ಇವರ ಸಹಿ ಬಿದ್ದರೆ ಪಾಸು. ಬೀಳದಿದ್ದರೆ ಇಡೀ ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಹೆಸರೇನವಾ ನಿಂದು?" ನೀಲಗಂಗವ್ವ ಕೇಳಿದಳು.

"ಫರ್ಹಾನಾ ನದಾಫ್ ರೀ."

"ಅಂದ್ರ ಪಿಂಜಾರ್ರು."

"ಹೌದ್ರಿ."

"ಮತ್ತ ಕನ್ನಡ ಇಷ್ಟ ಛಲೋ ಮಾತಾಡ್ತಿ?"

"ನಮ್ಮ ಮನ್ಯಾಗ ಮಾತಾಡೂದ ಕನ್ನಡರಿ."

"ಅಯ್ಯ, ಮಾತ ಕೇಳಿ ನಾ ನಮ್ಮ ಪೈಕಿ ಹುಡುಗಿ ಅಂತ ತಿಳಕೊಂಡಿದ್ದೆ." ಮುಖದ ಮೇಲಿನ ನಗು ಬಂದ ದಾರಿಯಲ್ಲೇ ವಾಪಸು ಹೋಯಿತು. ಒಂದು ಸ್ಟೀಲಿನ ಲೋಟ ತಂದು ಹಿತ್ತಲ ಕಿಟಕಿಯ ಮೇಲೆ ಕುಕ್ಕಿದಳು. "ಇದು ನಿಂದು. ನೀರು ಬೇಕಾದ್ರ ಕೂಗು, ಹಾಕ್ತೀನಿ. ಕೊಡಾ ಮುಟ್ಟಬ್ಯಾಡ. ತಪ್ಪು ತಿಳ್ಕೋಬ್ಯಾಡ ಮತ್ತ, ನಮ್ಮಲ್ಲಿ ರಿವಾಜು."

ಇಂಥವರು ಯಾವಾಗಲೂ ತಪ್ಪು ತಿಳಿಯಬೇಡ ಅನ್ನುತ್ತಾರೆ. ಕಪಾಳಕ್ಕೆ ಹೊಡೆದು, ನೋವು ಮಾಡಿಕೊಳ್ಳಬೇಡ ಅಂದ ಹಾಗೆ. ಫರ್ಹಾನಾ ನುಂಗಿಕೊಂಡಳು. ಅವಳ ಮೇಷ್ಟ್ರು ಶಿವರಂಜನಿ ಮೇಡಂ ಕ್ಲಾಸಿನಲ್ಲಿ ಹೇಳಿದ್ದು ಅದೇ: ನೋಡ್ರಿ, ಕೇಳ್ರಿ, ಬರಕೊಳ್ರಿ, ತೀರ್ಪು ಮಾತ್ರ ಕೊಡಬ್ಯಾಡ್ರಿ. ಸರಿ, ನೋಡೋಣ ಎಂದು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ, ಅಂಗಳದಿಂದಲೂ ಕಾಣುವ ಹಾಗೆ, ಒಂದು ತಗಡಿನ ಶೆಡ್ಡು. ಬಚ್ಚಲ ಒಲೆಗೆ ಬೇಕಾದ ಕಟ್ಟಿಗೆ, ಮುರಿದ ಕುರ್ಚಿ, ಖಾಲಿ ಸಿಮೆಂಟ್ ಚೀಲ ಒಟ್ಟುವ ಜಾಗ. ಹುಡುಗಿಯರ ಬಾಯಲ್ಲಿ ಅದು ಕಟಗಿ ಮನಿ. ಬಾಗಿಲಿಲ್ಲ. ಕಟ್ಟಿಗೆಯ ಪಕ್ಕ ಗೋಣಿಚೀಲ ಹಾಸಿಕೊಂಡು ಮೂವರು ಹುಡುಗಿಯರು ಕೂತಿದ್ದರು. ಡಿಸೆಂಬರಿನ ಚಳಿಗಾಳಿ ತಗಡಿನ ಸಂದಿಯಿಂದ ನುಗ್ಗಿ ಅವರ ಬೆನ್ನು ಕೊರೆಯುತ್ತಿತ್ತು.

"ಇಲ್ಲ್ಯಾಕ ಕುಂತೀರೆವಾ?"

ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು ನಕ್ಕಳು. ಒಂಬತ್ತನೆಯ ತರಗತಿಯ ರೇಣವ್ವ ಮಾತ್ರ ನೆಟ್ಟಗೆ ನೋಡಿ ಹೇಳಿದಳು: "ಹೊರಗಾಗೇವ್ರಿ ಅಕ್ಕಾ. ಐದ ದಿನ ಇಲ್ಲೇ. ಉಣ್ಣೂದು, ಓದೂದು, ಮಲಗೂದು, ಎಲ್ಲಾ."

ರೇಣವ್ವ ಮುಂಡರಗಿ ಕಡೆಯ ಕೊರ್ಲಹಳ್ಳಿಯವಳು. ಅವ್ವ ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಊರಲ್ಲಿ ಮನೆಗೆ ಬೀಗ. ಮುಟ್ಟಾಯಿತೆಂದು ಎದ್ದು ಹೋಗಲಿಕ್ಕೆ ಅವಳಿಗೆ ಬೇರೆ ಎಡೆಯೇ ಇಲ್ಲ.

ಈ ರಿವಾಜಿನ ಕಾರಣವೂ ಕೇಳಬೇಕು. ಹುಡುಗಿಯರು ಮಲಗುವ ಹಾಲಿನಲ್ಲಿ ಧಣಿಯ ತಾಯಿಯ ಆಳೆತ್ತರದ ಫೋಟೋ ಇತ್ತು. ಮುಂದೆ ಆರದ ದೀಪ. ಹೊರಗಾದವರು ಆ ಸೂರಿನ ಕೆಳಗೆ ಕಾಲಿಟ್ಟರೆ ದೀಪಕ್ಕೆ ಮೈಲಿಗೆ. ಸೂತಕವೇ ಇಲ್ಲವೆಂದು ಶರಣರು ಸಾರಿದ ಸೀಮೆ ಇದು; ಅವರ ಹೆಸರನ್ನೇ ಹೊತ್ತವನ ಹಾಸ್ಟೆಲಿನಲ್ಲಿ ಈ ಮಡಿ. ಆ ಮಹಾತಾಯಿ ಮುಟ್ಟಾಗದೆಯೇ ಚನ್ನಬಸವಣ್ಣನನ್ನು ಹೆತ್ತಳೇನೋ, ಯಾರಿಗೆ ಗೊತ್ತು!

ಮುಂದಿನ ಗುರುವಾರ ಹಾಸ್ಟೆಲಿನ ಅಂಗಳಕ್ಕೆ ಮಾಶಾಕ ಬಂದ. ಹುಬ್ಬಳ್ಳಿಯ ದಾನಿಯೊಬ್ಬರು ಹುಡುಗಿಯರಿಗೆಲ್ಲ ಹೊಸ ಗಾದಿ ಕೊಡಿಸುತ್ತಾರೆಂದು ಸುದ್ದಿ. ಅರಳೆ ಹಿಂಜುವ ಮಷೀನು ಟಂಟಂ ಗಾಡಿಯಲ್ಲಿ ಹೇರಿಕೊಂಡು, ಹೆಂಡತಿ ರೋಶನಬಿಯನ್ನೂ ಕೂರಿಸಿಕೊಂಡು ಅವನು ಬೆಟಗೇರಿಯಿಂದ ನಸುಕಿನಲ್ಲೇ ಹೊರಟಿದ್ದ. ಮಗಳು ಕಲಿಯುವ ಜಾಗದಲ್ಲೇ ಕೆಲಸ ಸಿಕ್ಕಿತಲ್ಲ ಎಂದು ಅವನಿಗೆ ಖುಷಿ.

ಮಷೀನು ಗರಗರ ಸುರುವಾಯಿತು. ಅರಳೆ ಹಿಂಜುವುದೆಂದರೆ ಅಂಗಳ ತುಂಬ ಧೂಳು. ಆ ಧೂಳು ಮೂಗಿಗೆ, ಗಂಟಲಿಗೆ, ಎದೆಗೆ ಇಳಿಯುತ್ತದೆ. ಮಾಶಾಕ ಬಾಯಿಗೆ ವಸ್ತ್ರ ಕಟ್ಟಿಕೊಂಡಿದ್ದ. ಆದರೂ ಕೆಮ್ಮು. ಹುಬ್ಬು, ಗಡ್ಡ, ರೆಪ್ಪೆ ಎಲ್ಲ ಬೆಳ್ಳಗಾಗಿ ಮಧ್ಯಾಹ್ನದ ಹೊತ್ತಿಗೆ ಅವನು ಮುದುಕನಂತೆ ಕಾಣತೊಡಗಿದ. ಹಿಂಜಿದ ಅರಳೆಯನ್ನು ಗಾದಿಯ ಬಟ್ಟೆಚೀಲಕ್ಕೆ ತುಂಬಿ ಕೋಲಿನಿಂದ ಬಡಿದು ಸಮ ಮಾಡುತ್ತಿದ್ದ. ರೋಶನಬಿ ದಬ್ಬಳದಿಂದ ಹೊಲಿಯುತ್ತಿದ್ದಳು. ದಬ್ಬಳ ದೂಡಿ ದೂಡಿ ಅವಳ ಹೆಬ್ಬೆರಳು ಕಲ್ಲಾಗಿ ವರ್ಷಗಳೇ ಆಗಿದ್ದವು.

"ಯವ್ವಾ, ಗುಟುಕ ನೀರ ಹಾಕ್ರಿ," ಎಂದ ಮಾಶಾಕ.

ನೀಲಗಂಗವ್ವ ತಂಬಿಗೆ ಹಿಡಿದು ಬಂದು ಮೆಟ್ಟಿಲ ಮೇಲೆಯೇ ನಿಂತಳು. ಅಲ್ಲಿಂದ ಧಾರೆ ಬಿಟ್ಟಳು. ಮಾಶಾಕ ಕೆಳಗೆ ಬಗ್ಗಿ ಬೊಗಸೆ ಒಡ್ಡಿದ. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಯ ಮೇಲೆ.

ಫರ್ಹಾನಾ ಕಿಟಕಿಯ ಮೇಲಿನ ತನ್ನ ಲೋಟ ತಂದು ತಂಬಿಗೆಯ ಕೆಳಗೆ ಹಿಡಿದಳು. "ಇದರಾಗ ಹಾಕ್ರಿ." ತುಂಬಿದ ಲೋಟವನ್ನು ಅಪ್ಪನ ಕೈಗೆ ಕೊಟ್ಟಳು.

"ಯಾರ ಇವರು ನಿನಗ?"

"ನಮ್ಮಪ್ಪ. ಅಲ್ಲಿ ಹೊಲಿಯಾಕ ಹತ್ತ್ಯಾಳಲ್ಲ, ನಮ್ಮವ್ವ."

ನೀಲಗಂಗವ್ವ ನಕ್ಕಳು. "ಛಲೋ ಆತು ಬಿಡು. ಅಪ್ಪ ಗಾದಿ ಬಡಿಯಾಂವ, ಮಗಳು ನಮ್ಮ ಮಂದಿ ಸುಧಾರಸಾಕ ಬಂದಾಕಿ!"

ಇಡೀ ಸೀಮೆ ಪಿಂಜಾರ ಹಿಂಜಿದ ಅರಳೆಯ ಮೇಲೆ ಮಲಗುತ್ತದೆ. ಅವನ ಬೆವರು ಬಿದ್ದ ಗಾದಿಯ ಮೇಲೆ ಪ್ರಸ್ತ ಮಾಡಿಕೊಳ್ಳುತ್ತದೆ, ಹೆರುತ್ತದೆ, ನರಳುತ್ತದೆ, ಸಾಯುತ್ತದೆ. ಅವನ ತುಟಿ ತಾಗಿದ ಲೋಟ ಮಾತ್ರ ಆಗುವುದಿಲ್ಲ. ಫರ್ಹಾನಾಳ ಕಿವಿ ಕಾದವು. ಮಾಶಾಕ ಮಗಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ.

ಹಾಲಿನ ಬಾಗಿಲಿನಿಂದ ರೇಣವ್ವ ಇಣುಕಿ ನೋಡುತ್ತಿದ್ದಳು. ಹೊಸ ಗಾದಿ ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. "ನನಗೂ ಒಂದು ಬರತೈತೇನ್ರಿ?" ಎಂದು ಕೇಳಿದಳು.

"ಬರಲಾರದ ಏನವಾ? ಇದ ನಿಂದು ನೋಡು," ಎಂದಳು ರೋಶನಬಿ. ಹೊಲಿಯುತ್ತಿದ್ದ ಗಾದಿಯ ಮೂಲೆಗೆ ಕೆಂಪು ದಾರದ ಒಂದು ಗಂಟು ಹಾಕಿದಳು. "ಗುರುತು ಇಟಗೋ. ಕೆಂಪು ಗಂಟು. ಯಾರೂ ಕಸಗೊಳ್ಳಂಗಿಲ್ಲ."

ರೇಣವ್ವಳ ಮುಖ ಅರಳಿತು. ಅಷ್ಟಕ್ಕೇ ಅರಳುವ ವಯಸ್ಸು.

ಗಾದಿಗಳು ತಯಾರಾದವು. ಯಾರೂ ಮಲಗಲಿಲ್ಲ. ದಾನಿಗಳು ಬಂದು ರಿಬ್ಬನ್ನು ಕತ್ತರಿಸುವವರೆಗೂ ಮುಟ್ಟಕೂಡದೆಂದು ನೀಲಗಂಗವ್ವ ಪ್ಲಾಸ್ಟಿಕ್ಕು ಸುತ್ತಿ ಹಾಲಿನಲ್ಲಿ ಒಟ್ಟಿಸಿದಳು. ಹುಡುಗಿಯರು ಅದರ ಪಕ್ಕದಲ್ಲೇ ಚಾಪೆಯ ಮೇಲೆ ನಡುಗುತ್ತ ಮಲಗಿದರು.

ಮೂರು ವಾರ ಕಳೆದ ಮೇಲೆ ಉದ್ಘಾಟನೆ ಶುಕ್ರವಾರವೆಂದು ಗೊತ್ತಾಯಿತು. ಅದರ ಹಿಂದಿನ ದಿನ ಫರ್ಹಾನಾ ಬಸ್ಸಿಳಿದು ಬರುವಾಗ ಹಿತ್ತಲಲ್ಲಿ ಮಂಜವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು. ಮಂಜವ್ವ ಹಾಸ್ಟೆಲಿನ ಕಸ ಬಳಿದು ಸಂಡಾಸು ತೊಳೆಯುವವಳು. ಕೇರಿಯವಳು. ಅಡುಗೆಮನೆಯ ಹೊಸ್ತಿಲು ಅವಳಿಗೂ ಇಲ್ಲ. ಅವಳಿಗೆ ಲೋಟವೂ ಇಲ್ಲ.

"ಓಡಿ ಬಾ ನನ್ನವ್ವಾ! ಕೂಸಿಗಿ ಚೇಳು ಕಡದೈತಿ!"

ರೇಣವ್ವಳ ಸರದಿ ಮತ್ತೆ ಬಂದಿತ್ತು. ಬೆಳಗಿನ ಜಾವ ಒಲೆಗೆ ಕಟ್ಟಿಗೆ ಎಳೆಯುವಾಗ ಸಂದಿಯಲ್ಲಿದ್ದ ಕೆಂಪು ಚೇಳು ಪಾದಕ್ಕೆ ಹೊಡೆದಿತ್ತು. ಮಂಜವ್ವ ಸುಣ್ಣ ಹಚ್ಚಿದ್ದಳು. ಹುಡುಗಿಯ ಮೈ ಬೆವರಿನಿಂದ ತೊಯ್ದು ತಣ್ಣಗಾಗಿತ್ತು. ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಬಾಯಿ ತೊದಲುತ್ತಿತ್ತು.

"ನೀಲಗಂಗವ್ವಾರ, ಗಾಡಿ ತರಸ್ರಿ! ಹೋಗತಾಳ ಈ ಹುಡುಗಿ!" ಫರ್ಹಾನಾ ಕೂಗಿದಳು.

ನೀಲಗಂಗವ್ವ ಬಂದಳು. ದೂರ ನಿಂತಳು. ಅವಳಿಗೂ ಗಾಬರಿಯಾಗಿತ್ತು, ಅದು ಸುಳ್ಳಲ್ಲ. ಆದರೆ ಗಾಬರಿಗಿಂತ ಮಡಿ ದೊಡ್ಡದು. "ಧಣ್ಯಾರ ಕಾರ ಐತಿ. ಅದರಾಗ ಅವ್ವಾರ ಫೋಟೋ ಕಟ್ಟ್ಯಾರ. ಹಂಗ ಕುಂಡ್ರಸಾಕ ಆಗೂದಿಲ್ಲ. ಮದಲ ತಲಿ ಮ್ಯಾಲ ಎರಡ ಕೊಡ ನೀರ ಹಾಕ್ರಿ, ಅರಿವಿ ಬದಲಿ ಮಾಡ್ರಿ, ಆಮ್ಯಾಲ..."

"ನಿಮ್ಮ ಮಡಿಗೆ ಬೆಂಕಿ ಹತ್ತಲಿ!" ಎಂದಳು ಫರ್ಹಾನಾ.

ಬೆನ್ನು ಕೊಟ್ಟು ಕೂತಳು. ಮಂಜವ್ವ ಹುಡುಗಿಯನ್ನು ಎತ್ತಿ ಹಾಕಿದಳು. ಫರ್ಹಾನಾ ಹೊತ್ತುಕೊಂಡು ರಸ್ತೆಗೆ ಓಡಿದಳು. ರೇಣವ್ವಳ ಗಲ್ಲ ಅವಳ ಹೆಗಲಿಗೆ ಬಡಿಯುತ್ತಿತ್ತು. ರಕ್ತ ಅವಳ ಚೂಡಿದಾರಕ್ಕೆ ಹತ್ತಿತು, ವಾಂತಿ ಕುತ್ತಿಗೆಗೆ ಇಳಿಯಿತು. ಹಾಲಿನ ಕ್ಯಾನು ಹೇರಿಕೊಂಡು ಹೊರಟಿದ್ದ ಒಂದು ಆಟೋ ನಿಂತಿತು. ಯಾವ ಜಾತಿ, ಯಾವ ದಿನ ಎಂದು ಆ ಆಟೋದವ ಕೇಳಲಿಲ್ಲ.

ಸರಕಾರಿ ದವಾಖಾನೆಯಲ್ಲಿ ಸೂಜಿ ಚುಚ್ಚಿದರು, ಸಲಾಯಿನ್ ಹಚ್ಚಿದರು. "ಇನ್ನ ತಾಸ ತಡ ಆಗಿದ್ರ ಉಳೀತಿದ್ದಿಲ್ಲ ಈ ಹುಡುಗಿ. ಒಂದ ವಾರ ನೆಲಾ ಬಿಟ್ಟು ಬೆಚ್ಚಗ ಮಲಗಸ್ರಿ," ಎಂದರು ಡಾಕ್ಟರು. ಸಂಜೆಗೆ ಕಳಿಸಿಕೊಟ್ಟರು.

ಹಾಸ್ಟೆಲಿನ ಮೆಟ್ಟಿಲು ಹತ್ತಬೇಕೆನ್ನುವಾಗ ನೀಲಗಂಗವ್ವ ಅಡ್ಡ ನಿಂತಳು.

"ಅಕಿದು ದಿನ ತುಂಬಿಲ್ಲ. ಅಲ್ಲೇ ಮಲಗಸು."

"ಅಲ್ಲೇ ಚೇಳು ಕಡದೈತ್ರಿ!"

"ಕಟಗಿ ಜಾಡಿಸಿ ಹಾಕಿಸೇನಿ. ನಾಳೆ ದೊಡ್ಡ ಮಂದಿ ಬರಾವ್ರು ಇದಾರ. ದೀಪ ಮೈಲಿಗಿ ಮಾಡಿ ಧಣ್ಯಾರ ಕೈಲೆ ನಾ ಹೊಡಿಸಿಕೊಳ್ಳಲ್ಯಾ?"

ಫರ್ಹಾನಾ ಶಿವರಂಜನಿ ಮೇಡಂಗೆ ಫೋನು ಹಚ್ಚಿದಳು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಫರ್ಹಾನಾ, ನಿನ್ನ ಅಲ್ಲಿ ಜಗಳಾಡಾಕ ಕಳಿಸಿಲ್ಲ ನಾ," ಎಂದರು ಮೇಡಂ. "ಸಂಸ್ಥಾದ್ದು ಒಂದು ಪದ್ಧತಿ ಇರತೈತಿ. ಬದಲಾವಣಿ ನಿಧಾನಕ್ಕ ಆಗಬೇಕು. ನಿನ್ನ ಹೆಸರ ಕೇಳಿ ಎಷ್ಟ ಕಡೆ ಬ್ಯಾಡ ಅಂದ್ರು ಗೊತ್ತೇನು? ಧಣ್ಯಾರ ಕೈಕಾಲು ಬಿದ್ದು ಇಲ್ಲಿ ಹಾಕಿಸೇನಿ. ನಾಳೆ ನಾನೂ ಬರತೀನಿ, ನೀನ ಸ್ವಾಗತ ಭಾಷಣ ಮಾಡು. ಎಲ್ಲಾ ಸರಿ ಆಗತೈತಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರ ವಿದ್ಯೆಯೆಲ್ಲ ಇಷ್ಟೇ. ಫರ್ಹಾನಾ ಫೋನು ಇಟ್ಟಳು. ತನ್ನ ಕೈಯಿಂದಲೇ ರೇಣವ್ವಳನ್ನು ಕಟಗಿ ಮನಿಯ ಗೋಣಿಚೀಲದ ಮೇಲೆ ಮಲಗಿಸಿದಳು. ಆ ಕೈ ಕಡಿದುಕೊಳ್ಳಬೇಕು ಅನ್ನಿಸಿತು.

"ನಾ ಕುಂಡ್ರತೀನಿ ಇಕಿ ಬಾಜೂಕ. ನೀ ಬಸ್ಸ ತಪ್ಪಿಸ್ಕೋಬ್ಯಾಡ," ಎಂದಳು ಮಂಜವ್ವ.

ಮನೆ ಮುಟ್ಟಿದಾಗ ರೋಶನಬಿ ಒಲೆ ಮುಂದೆ ಇದ್ದಳು. ಮಗಳ ಬಟ್ಟೆ ನೋಡಿ ಎದೆ ಹಿಡಿದುಕೊಂಡಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು: "ನಾ ಅಕಿಗಿ ಹೊಲದ ಕೊಟ್ಟ ಗಾದಿ?"

"ಹಾಲಿನ್ಯಾಗ ಐತಿ. ಪ್ಲಾಸ್ಟಿಕ್ ಸುತ್ತಿ."

"ಹಂಗಾರ ನೀ ಅಲ್ಲಿ ಏನ ಕಲಿಯಾಕ ಹೋಗತಿ?"

ಫರ್ಹಾನಾ ರಕ್ತ ಹತ್ತಿದ ಚೂಡಿದಾರವನ್ನು ನೆನೆಹಾಕಿದಳು. ಉಂಡಳೋ ಬಿಟ್ಟಳೋ, ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಹಾಸ್ಟೆಲಿಗೆ ತೋರಣ ಕಟ್ಟಿತ್ತು. ಹಾಲಿನಲ್ಲಿ ಗಾದಿಗಳನ್ನು ಸಾಲಾಗಿ ಹಾಸಿ, ಮೇಲೆ ಬಿಳಿ ಚಾದರು ಹೊದಿಸಿದ್ದರು. ಒಂದೊಂದು ಗಾದಿಯ ಮೇಲೆ ಒಬ್ಬೊಬ್ಬ ಹುಡುಗಿ ಕೈಮುಗಿದು ಕೂರಬೇಕು, ದಾನಿ ಬಂದು ತಲೆ ಸವರಬೇಕು, ಫೋಟೋ ತೆಗೆಯಬೇಕು. ಇದು ಕಾರ್ಯಕ್ರಮ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ್ದರು. ಆರತಿ ತಾಟು ಹತ್ತನೆಯ ತರಗತಿಯ ದ್ಯಾಮವ್ವಳ ಕೈಯಲ್ಲಿತ್ತು.

ಕಾರುಗಳು ಬಂದವು. ಚನ್ನಬಸವಣ್ಣ ಇಳಿದ. ಹುಬ್ಬಳ್ಳಿಯ ದಾನಿ, ಅವರ ಹೆಂಡತಿ, ಕ್ಯಾಮೆರಾದವ ಇಳಿದರು. ಶಿವರಂಜನಿ ಮೇಡಂ ರೇಷ್ಮೆ ಸೀರೆಯಲ್ಲಿ ಇಳಿದರು.

"ಜಲ್ದಿ ಮುಗಸ್ರಿ ಚನ್ನಬಸವಣ್ಣಾರ," ಎಂದರು ದಾನಿ. "ಮಾಗಡಿ ಕೆರಿಗಿ ಹೋಗಬೇಕು. ಬಿಸಲ ಏರಿದ್ರ ಹಕ್ಕಿ ಕಾಣೂದಿಲ್ಲಂತ."

ಹೊರದೇಶದಿಂದ ಹಾರಿಬಂದ ಹಕ್ಕಿಗೆ ಇಲ್ಲಿ ಒಂದು ಕೆರೆಯೇ ಬಿಟ್ಟುಕೊಟ್ಟಿದ್ದಾರೆ. ಕೊರ್ಲಹಳ್ಳಿಯಿಂದ ಬಂದ ಹುಡುಗಿಗೆ ಆರಡಿ ಜಾಗವಿಲ್ಲ.

"ಆ ಪಿಂಜಾರ ಹುಡುಗಿ ಎಲ್ಲಿ ಸತ್ತಳ? ಸ್ವಾಗತ ಮಾಡಬೇಕು!" ನೀಲಗಂಗವ್ವ ಸುತ್ತ ನೋಡಿದಳು.

ಫರ್ಹಾನಾ ಕಟಗಿ ಮನಿಯಲ್ಲಿದ್ದಳು. ಗೋಣಿಚೀಲದ ಮೇಲೆ ಕಾಲು ಮಡಚಿ ಕೂತಿದ್ದಳು. ರೇಣವ್ವಳ ತಲೆ ಅವಳ ತೊಡೆಯ ಮೇಲಿತ್ತು.

"ಅಲ್ಲ್ಯಾಕ ಕುಂತಿ? ಎದ್ದ ಬಾ!"

"ಬರಾಕ ಆಗೂದಿಲ್ರಿ. ಹೊರಗಾಗೇನಿ."

ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದಳು. ನೀಲಗಂಗವ್ವ ಮುಖ ಹಿಂಡಿದಳು. "ಹಾಳಾಗಿ ಹೋಗು, ಅಲ್ಲೇ ಬಿದ್ದಿರು. ದ್ಯಾಮಿ, ನೀ ಬಾ, ಆರತಿ ತಾ."

ದ್ಯಾಮವ್ವ ಕಟಗಿ ಮನಿಯ ಕಡೆ ನೋಡಿದಳು. ನೀಲಗಂಗವ್ವನ ಕಡೆ ನೋಡಿದಳು. ಆರತಿ ತಾಟನ್ನು ಮೆಟ್ಟಿಲ ಮೇಲೆ ಇಟ್ಟಳು. "ನಾನೂ ಹೊರಗಾಗೇನ್ರಿ," ಎಂದಳು. ಹೋಗಿ ಗೋಣಿಚೀಲದ ಮೇಲೆ ಕೂತಳು.

ಇನ್ನೊಬ್ಬಳು ಹೊರಟಳು. "ನಾನೂರಿ." ಮತ್ತೊಬ್ಬಳು. "ನಾನೂ." ಮಾಲೆ ಹಿಡಿದವಳು ಮಾಲೆಯನ್ನು ಬೇಲಿಗೆ ಸಿಕ್ಕಿಸಿ ಹೋದಳು. ಇಸ್ತ್ರಿ ಬಟ್ಟೆಯಲ್ಲೇ ಎಲ್ಲರೂ ಕಟ್ಟಿಗೆಯ ನಡುವೆ ಕೂರತೊಡಗಿದರು. ಕೊನೆಗೆ ಆರನೆಯ ತರಗತಿಯ ಒಂದು ಪುಟ್ಟ ಹುಡುಗಿಯೂ ಓಡಿದಳು.

"ಏ ಹುಚ್ಚಿ! ನೀ ಇನ್ನೂ ದೊಡ್ಡಾಕೀನ ಆಗಿಲ್ಲಲೇ!" ನೀಲಗಂಗವ್ವ ಚೀರಿದಳು.

"ಈಗ ಆದೆರಿ!"

ಮಂಜವ್ವ ಕಸಬರಿಗೆ ಒಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಂದು ನಿಂತು ಭಾಳ ವರ್ಷ ಆಗಿತ್ತು ಯವ್ವಾ. ಇವತ್ತ ತಿರುಗಿ ಬಂತು."

ಹುಡುಗಿಯರು ಕಿಸಕ್ಕನೆ ನಕ್ಕರು. ಅಂಗಳದಲ್ಲಿ ದೊಡ್ಡ ಮಂದಿ ಮಾತ್ರ ಉಳಿದರು. ಹಾಲಿನಲ್ಲಿ ಗಾದಿಗಳು ಖಾಲಿ ಬಿದ್ದಿದ್ದವು. ಕ್ಯಾಮೆರಾದವನು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಶೆಡ್ಡಿನ ಕಡೆಗೇ ತಿರುಗಿಸಿದ.

"ಏ, ಅದನ್ನ ಬಂದ ಮಾಡಲೇ!" ಚನ್ನಬಸವಣ್ಣ ಕೆಂಪಗಾದ. ದಾಪುಗಾಲು ಹಾಕಿ ಹಿತ್ತಲಿಗೆ ಬಂದ. "ಏನ ನಾಟಕ ಹಚ್ಚೀರಿ? ಏಳ್ರಿ! ಎಲ್ಲಾರೂ ಒಳಗ ನಡೀರಿ!"

ರೇಣವ್ವ ಫರ್ಹಾನಾಳ ತೊಡೆಯಿಂದ ತಲೆ ಎತ್ತಿದಳು. ಬಾವು ಬಂದ ಕಾಲು ಮುಂದೆ ಚಾಚಿಕೊಂಡೇ ಕೇಳಿದಳು: "ನಿಮ್ಮವ್ವನ ದೀಪಕ್ಕ ಮೈಲಿಗಿ ಆಗೂದಿಲ್ಲೇನ್ರಿ ಧಣ್ಯಾರ?"

ಚನ್ನಬಸವಣ್ಣ ಹಿಂದೆ ನೋಡಿದ. ದಾನಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿ ಗೋಣಿಚೀಲಗಳನ್ನೂ ಹುಡುಗಿಯ ಕಾಲನ್ನೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಧಣಿಯ ಬಾಯಿಗೆ ಕಡುಬು ತುರುಕಿದ ಹಾಗಾಯಿತು.

"ಏನೂ ಆಗೂದಿಲ್ಲ. ಬರ್ರಿ."

"ಜೋರಾಗಿ ಹೇಳ್ರಿ," ಎಂದಳು ಫರ್ಹಾನಾ. "ನೀಲಗಂಗವ್ವಾರಿಗೂ ಕೇಳಲಿ."

"ಏನೂ ಮೈಲಿಗಿ ಆಗೂದಿಲ್ಲ! ಒಳಗ ಬರ್ರಿ ಅಂದ್ನೆಲ್ಲಾ!"

ಹುಡುಗಿಯರು ಎದ್ದರು. ದ್ಯಾಮವ್ವ ರೇಣವ್ವಳ ರಟ್ಟೆ ಹಿಡಿದಳು. ಕುಂಟುತ್ತ ರೇಣವ್ವ ಮೆಟ್ಟಿಲು ಹತ್ತಿದಳು. ದೀಪದ ಮುಂದೆಯೇ ಹಾದುಹೋದಳು. ದೀಪ ಉರಿಯುತ್ತಲೇ ಇತ್ತು. ಅವಳು ಒಂದೊಂದೇ ಚಾದರು ಎತ್ತಿ ಮೂಲೆ ನೋಡಿದಳು, ಕೆಂಪು ಗಂಟು ಸಿಕ್ಕಿತು. ಕೈಮುಗಿದು ಕೂರಲಿಲ್ಲ. ಕ್ಯಾಮೆರಾಕ್ಕೆ ಬೆನ್ನು ಮಾಡಿ ಮಲಗಿ ತಲೆ ತುಂಬ ಹೊದ್ದುಕೊಂಡಳು.

ಹಿತ್ತಲಲ್ಲಿ ಮಂಜವ್ವ ಗೋಣಿಚೀಲಗಳನ್ನು ಒಟ್ಟುಗೂಡಿಸಿ ಬಚ್ಚಲ ಒಲೆಗೆ ತುರುಕಿದಳು. ಬೆಂಕಿ ಭರ್ರನೆ ಎದ್ದಿತು.

ಫರ್ಹಾನಾ ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಚನ್ನಬಸವಣ್ಣ ಕೈ ಅಡ್ಡ ಹಿಡಿದ. "ನೀ ಎಲ್ಲಿಗಿ? ಮೇಡಂ, ಈ ಹುಡುಗಿ ಇನ್ನ ನಮಗ ಬ್ಯಾಡ."

ಶಿವರಂಜನಿ ಮೇಡಂ ಅವಳನ್ನು ಬದಿಗೆ ಎಳೆದರು. "ಮುಗೀತು ಫರ್ಹಾನಾ. ಸಹಿ ಇಲ್ಲ, ಮಾರ್ಕ್ಸ್ ಇಲ್ಲ. ಈ ವರ್ಷ ಹೋತು ನಿಂದು. ಏನ ಸಿಕ್ಕತು ಹೇಳು ಇದರಿಂದ?"

"ವರ್ಷ ಹೋಗಲಿ ಬಿಡ್ರಿ. ಅಕಿ ಮಲಗಿದಳಲ್ಲ."

ಹಾಗೆಂದು ಅವಳು ಗೇಟಿನ ಕಡೆ ಹೋಗಲಿಲ್ಲ. ಅಡುಗೆಮನೆಯ ಕಡೆ ನಡೆದಳು. "ಬಾ ಮಂಜವ್ವಾ," ಎಂದು ಕೂಗಿದಳು. ನೀಲಗಂಗವ್ವ ಓಡಿಬಂದು ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತಳು.

"ಧಣ್ಯಾರು ಹೇಳಿದ್ದು ನಿನಗಲ್ಲ!"

ಫರ್ಹಾನಾ ಅವಳ ಕೈ ಸರಿಸಿ ಒಳಗೆ ಕಾಲಿಟ್ಟಳು. ನೀರಿನ ಕೊಡವನ್ನು ಎರಡೂ ಅಂಗೈಯಿಂದ ಮುಟ್ಟಿದಳು. ತಂಬಿಗೆ ಮುಟ್ಟಿದಳು. ಹಿಟ್ಟಿನ ಡಬ್ಬಿ, ಹಿಟ್ಟು ನಾದುವ ಕೊಣಮಿಗೆ, ಹಂಚು, ಒಲೆ ಮುಟ್ಟಿದಳು. ಬುಟ್ಟಿಯಿಂದ ಒಂದು ಜೋಳದ ರೊಟ್ಟಿ ಎತ್ತಿ ಮುರಿದಳು. ಅರ್ಧವನ್ನು ಬಾಗಿಲಲ್ಲಿ ನಿಂತ ಮಂಜವ್ವನ ಕೈಗೆ ಕೊಟ್ಟಳು. ಆಮೇಲೆ ಅವಳೂ ಹೊಸ್ತಿಲು ದಾಟಿ ಒಳಗೆ ಬಂದಳು. ಇಬ್ಬರೂ ಅಲ್ಲೇ ನಿಂತು ತಿಂದರು.

"ಶಿವನ... ಎಲ್ಲಾ ತೊಳೀಬೇಕಲ್ಲೋ!" ನೀಲಗಂಗವ್ವ ಹಣೆ ಬಡಿದುಕೊಂಡಳು.

"ತೊಳೀರಿ," ಎಂದಳು ಫರ್ಹಾನಾ. "ಕೊಡಾ ತೊಳೀರಿ, ಹಂಚು ತೊಳೀರಿ. ರೊಟ್ಟಿ ಹ್ಯಾಂಗ ತೊಳೀತೀರಿ ನೋಡೂಣು."

ಹಾಲಿನಿಂದ ರೇಣವ್ವಳ ದನಿ ಬಂತು. ಚಾದರಿನೊಳಗಿಂದ, ನಿದ್ದೆಗಣ್ಣಿನ ದನಿ. "ಅಕ್ಕಾ, ಹಸಿವಿ ಆಗೇತಿ. ನನಗೂ ತಾ."

"ನನಗೂ," ಎಂದಳು ದ್ಯಾಮವ್ವ. "ನನಗೂರಿ," ಎಂದಿತು ಆ ಪುಟ್ಟ ಹುಡುಗಿ.

ಫರ್ಹಾನಾ ರೊಟ್ಟಿಯ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ದೊಡ್ಡ ಮಂದಿಯ ನಡುವಿನಿಂದ ಹಾಲಿಗೆ ಹೋದಳು.